ಸತುವಿನ ಲೇಪನವಿದ್ದ ಮೇಲೂ ದೋಣಿಗೆ ಪೇಂಟ್ ಏಕೆ?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಫ್ಯಾಬ್ರಿಕೇಷನ್ ಶೆಡ್ ಇದೆ. ಕರಾವಳಿಯವರೊಬ್ಬರಿಗೆ ಉಕ್ಕಿನ ದೋಣಿ ಕಟ್ಟಿಕೊಡುವ ಕೆಲಸ ಬಂದಿದೆ. ತಳಕ್ಕೆ ಸತುವಿನ ಲೇಪನವಷ್ಟೇ ಸಾಕೇ, ಮೇಲೆ ಪೇಂಟೂ ಬೇಕೇ? ಲೇಪನಕ್ಕೆ ಗೀರು ಬಿದ್ದರೆ ಗತಿಯೇನು?

ಉತ್ತರ: ಪೇಂಟ್ ಖಂಡಿತ ಬೇಕು. ಗೀರಿಗೆ ಮಾತ್ರ ನೀವು ಅಷ್ಟೊಂದು ಹೆದರಬೇಕಿಲ್ಲ.

ಒಂದಕ್ಕೊಂದು ತಾಗಿಕೊಂಡ ಎರಡು ಲೋಹಗಳು ಉಪ್ಪುನೀರಿನಲ್ಲಿ ಮುಳುಗಿದರೆ ಅಲ್ಲೊಂದು ವಿದ್ಯುತ್ ಕೋಶ ಏರ್ಪಡುತ್ತದೆ. ವಿಭವ (ವೋಲ್ಟ್‌ನಲ್ಲಿ ಅಳೆಯುವ ವಿದ್ಯುತ್ ಮಟ್ಟ) ಹೆಚ್ಚು ಋಣವಾಗಿರುವ ಲೋಹ ಕರಗಿ ಮತ್ತೊಂದನ್ನು ಉಳಿಸುತ್ತದೆ. ಪ್ರಮಾಣಿತ ವಿಭವ ಸತುವಿಗೆ −0.76 ವೋಲ್ಟ್, ಕಬ್ಬಿಣಕ್ಕೆ −0.44, ತವರಕ್ಕೆ −0.14. ಹೀಗಾಗಿ ಗೀರಿನಲ್ಲಿ ಉಕ್ಕು ಬಯಲಾದರೂ ಸುತ್ತಲಿನ ಸತುವೇ ಸವೆಯುತ್ತದೆ. ಅದೇ ತವರದ ಲೇಪನವಾಗಿದ್ದರೆ ಬಯಲಾದ ಚೂರು ಉಕ್ಕೇ ಬೇಗ ಬೇಗ ಕರಗಿ ತೂತು ಬೀಳುತ್ತಿತ್ತು.

ಸಮುದ್ರದ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಈ ರಕ್ಷಣೆ ತಕ್ಕಮಟ್ಟಿಗೆ ದೂರ ಚಾಚುತ್ತದೆ. ಸಿಹಿನೀರಿನಲ್ಲಿ ಅಷ್ಟು ಚಾಚದು. ಬೋರ್‌ವೆಲ್‌ನಿಂದ ಎತ್ತಿದ ಹಳೆಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನು ನೀವೂ ನೋಡಿರುತ್ತೀರಿ. ಮೈಮೇಲೆ ಬೂದುಬಣ್ಣ ಇನ್ನೂ ಉಳಿದಿರುವಾಗಲೇ, ಥ್ರೆಡ್ ಕತ್ತರಿಸುವಾಗ ಸತು ಹೋದ ಜಾಗ ಕೆಂಪಗೆ ತುಕ್ಕು ತಿಂದಿರುತ್ತದೆ.

ಆದರೆ ಸವೆದು ಕಾಯುವ ಲೋಹ ಒಂದು ದಿನ ಮುಗಿದೇ ಮುಗಿಯುತ್ತದೆ. ಸಮುದ್ರದಲ್ಲಿ ಬರಿಯ ಸತು ವರ್ಷಕ್ಕೆ ಹತ್ತಿಪ್ಪತ್ತು ಮೈಕ್ರಾನ್ ಕರಗುತ್ತದೆ. ಪೇಂಟ್ ನೀರನ್ನು ತಡೆದರೆ, ಪೇಂಟ್ ಕಿತ್ತುಹೋದ ಕಡೆಗಳಲ್ಲಷ್ಟೇ ಸತು ಖರ್ಚಾಗುತ್ತದೆ. ಎರಡೂ ಸೇರಿದಾಗಿನ ಬಾಳಿಕೆ ಬಿಡಿಬಿಡಿಯಾಗಿ ಸಿಗುವುದಕ್ಕಿಂತ ಬಹಳ ಹೆಚ್ಚು.

ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಇಡೀ ದೋಣಿಯನ್ನು ಅದ್ದುವುದು ಕಷ್ಟ, ತೆಳು ಪ್ಲೇಟು ಸೊಟ್ಟಗಾಗುವ ಭಯವೂ ಇದೆ. ಸತುವಿನ ತಂತಿಯನ್ನು ಗನ್‌ನಲ್ಲಿ ಕರಗಿಸಿ ಗಾಳಿಯ ಒತ್ತಡದಿಂದ ಚಿಮ್ಮಿಸುವ ಮೆಟಲ್ ಸ್ಪ್ರೇ ನಿಮಗೆ ಅನುಕೂಲ. ಈ ಲೇಪನ ಸಿಡಿಯುವುದು ಹೆಚ್ಚಾಗಿ ಸತುವಿನ ದೋಷದಿಂದಲ್ಲ, ತಯಾರಿಯ ದೋಷದಿಂದ. ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಬ್ಲಾಸ್ಟಿಂಗ್, ಅಂದರೆ ಗಟ್ಟಿ ಕಣಗಳನ್ನು ರಭಸದಿಂದ ಬಡಿಸಿ ಮೇಲ್ಮೈ ಶುಚಿ ಮಾಡುವ ಕೆಲಸ, ಮಾಡಿಸಿ. ಹೊಸ ಪ್ಲೇಟಿನ ಮೇಲಿನ ನೀಲಿಗಪ್ಪು ಆಕ್ಸೈಡ್ ಪದರ (ಮಿಲ್ ಸ್ಕೇಲ್) ಒಂದಿಷ್ಟೂ ಉಳಿಯಬಾರದು, ಏಕೆಂದರೆ ಅದು ತನ್ನ ಪಕ್ಕದ ಉಕ್ಕನ್ನೇ ಕೊರೆಯಿಸುತ್ತದೆ. ಬ್ಲಾಸ್ಟಿಂಗ್‌ಗೆ ಗುಂಡನೆಯ ಕಣ (ಶಾಟ್) ಬೇಡ, ಚೂಪು ಅಂಚಿನ ಕಣ (ಗ್ರಿಟ್) ಬಳಸಿ. ಕರಗಿದ ಸತುವಿನ ಹನಿಗಳು ಕಚ್ಚಿಕೊಳ್ಳುವುದು ಆ ಒರಟಿನಲ್ಲಿಯೇ. ಬ್ಲಾಸ್ಟ್ ಮಾಡಿದ ಕೆಲವೇ ಗಂಟೆಗಳೊಳಗೆ ಸ್ಪ್ರೇ ಆಗಬೇಕು. ಸ್ಪ್ರೇ ಲೇಪನದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಮೊದಲು ಅವನ್ನು ಮುಚ್ಚುವ ತೆಳುವಾದ ಸೀಲರ್, ಅನಂತರ ಎಪಾಕ್ಸಿ ಪೇಂಟ್ ಕೊಡಿ.

ಚಿಪ್ಪುಜೀವಿಗಳು ಅಂಟದಂತೆ ಬಳಿಯುವ ತಾಮ್ರದ ಪೇಂಟನ್ನು ನೇರವಾಗಿ ಸತುವಿನ ಮೇಲೆ ಹಚ್ಚಲೇಬೇಡಿ, ತಾಮ್ರ ಸತುವನ್ನು ತಿಂದುಹಾಕುತ್ತದೆ, ತಾಮ್ರದ ಕೆಲಸವೂ ಕೆಡುತ್ತದೆ. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದಾಗ ತಾಮ್ರ ಸವೆಯುವುದು ನಿಂತಿತು, ಆದರೆ ಕರಗದ ತಾಮ್ರದ ಮೇಲೆ ಚಿಪ್ಪುಗಳು ಬೆಳೆದವು. ಎರಡರ ನಡುವೆ ದಪ್ಪ ಎಪಾಕ್ಸಿ ಇದ್ದರೆ ತಾಮ್ರವೂ ಸತುವೂ ತಮ್ಮ ತಮ್ಮ ಕೆಲಸ ಮಾಡುತ್ತವೆ.

ಉಕ್ಕಿನ ಬದಲು ತಾವು ಸವೆಯಲೆಂದು ತಳಕ್ಕೆ ಬೋಲ್ಟ್ ಮಾಡುವ ಸತುವಿನ ಗಟ್ಟಿಗಳಿಗೆ (ಆನೋಡ್‌ಗಳಿಗೆ) ಮಾತ್ರ ಪೇಂಟ್ ತಾಗಕೂಡದು. ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಂಥ ಸಿಹಿನೀರಿಗೆ ದೋಣಿ ಕಟ್ಟುವುದಾದರೆ ಸತುವಿನ ಬದಲು ಮೆಗ್ನೀಸಿಯಂ ಆನೋಡ್ ಹಾಕಿಸಿ.