ಪದ ಪರಿಚಯ: ಫೈಬರ್ ಪೋಸ್ಟ್

ಹುಳುಕು ತಿಂದು ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಕೆಲವೊಮ್ಮೆ ವಸಡಿನ ಮೇಲೆ ಉಳಿಯುವುದು ಒಂದು ಮೋಟು ಮಾತ್ರ. ಕ್ಯಾಪ್ ಕೂರಿಸಲು ಅಷ್ಟು ಸಾಲದು. ಆಗ ಬೇರಿನ ನಾಳದೊಳಗೆ ಸಪೂರ ಕಡ್ಡಿಯೊಂದನ್ನು ಅಂಟಿಸಿ, ಹೊರಗುಳಿದ ತುದಿಯ ಸುತ್ತ ಕಂಪೋಸಿಟ್ (ಹಲ್ಲಿನ ಬಣ್ಣದ ತುಂಬುವ ವಸ್ತು) ಕಟ್ಟಿ, ಅದರ ಮೇಲೆ ಕ್ಯಾಪ್ ಹಾಕುತ್ತಾರೆ. ಆ ಕಡ್ಡಿಯೇ ಪೋಸ್ಟ್.

ಉದ್ದಕ್ಕೆ ಜೋಡಿಸಿದ ಎಳೆಗಳನ್ನು ಪ್ಲಾಸ್ಟಿಕ್ಕಿನಂಥ ರೆಸಿನ್‌ನಲ್ಲಿ ಗಟ್ಟಿಗೊಳಿಸಿದರೆ ಅದು ಫೈಬರ್ ಪೋಸ್ಟ್. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ತೋಟಗಳಲ್ಲಿ ಅಡಿಕೆ ಕೊನೆ ತೆಗೆಯಲು, ಮದ್ದು ಬಿಡಲು ಈಚೆಗೆ ಬಂದ ಕಾರ್ಬನ್ ಫೈಬರ್ ದೋಟಿಯ ಜಾತಿಯದೇ. 1990ರಲ್ಲಿ ಫ್ರಾನ್ಸಿನ ದಂತವೈದ್ಯರು ಪರಿಚಯಿಸಿದ ಪೋಸ್ಟ್ ಕೂಡ ಕಾರ್ಬನ್ನಿನದು. ಅದರ ಕಪ್ಪು ಮುಂದಿನ ಹಲ್ಲುಗಳಲ್ಲಿ ಹೊರಗೆ ಕಾಣುತ್ತಿತ್ತು. ಹಾಗಾಗಿ ಗಾಜು, ಕ್ವಾರ್ಟ್ಜ್ ಎಳೆಗಳು ಬಂದವು.

ಲೋಹದ ಪೋಸ್ಟ್ ಬಿಟ್ಟು ಇದೇ ಯಾಕೆ? ಬಾಗುವ ಗುಣ ನೋಡಿ. ಬಾಗದೆ ನಿಲ್ಲುವ ಬಿಗುವನ್ನು ಗಿಗಾಪಾಸ್ಕಲ್‌ನಲ್ಲಿ ಅಳೆದರೆ ಹಲ್ಲಿನ ಒಳಪದರವಾದ ಡೆಂಟಿನ್ ಸುಮಾರು 18, ಗಾಜಿನೆಳೆಯ ಪೋಸ್ಟ್ ಸಾಮಾನ್ಯವಾಗಿ 20ರಿಂದ 50, ಟೈಟಾನಿಯಂ 110ರ ಆಸುಪಾಸು, ಸ್ಟೀಲ್ 200ರ ಹತ್ತಿರ. ಬೇರು ಬಾಗುವಾಗ ಒಳಗಿನ ಕಡ್ಡಿ ಬಾಗದಿದ್ದರೆ ಜಗಿತದ ಒತ್ತಡವೆಲ್ಲ ಬೇರಿನ ಒಂದೆರಡು ಕಡೆ ಬಂದು ನಿಲ್ಲುತ್ತದೆ. ಬೇರು ಉದ್ದಕ್ಕೆ ಸೀಳಿತೋ, ಹೆಚ್ಚಾಗಿ ಹಲ್ಲು ಕೀಳಿಸುವುದೇ ದಾರಿ. ಫೈಬರ್ ಪೋಸ್ಟ್ ಸೋತಾಗ ಹೆಚ್ಚಾಗಿ ಅಂಟು ಬಿಡುತ್ತದೆ, ಇಲ್ಲವೇ ತಾನೇ ಮುರಿಯುತ್ತದೆ. ಬೇರು ಉಳಿದರೆ ಇನ್ನೊಂದು ಹಾಕಬಹುದು. ನನ್ನ ಕಣ್ಣಿಗೆ ಇದರ ದೊಡ್ಡ ಗುಣ ಈ ಸೋಲುವ ರೀತಿಯೇ.

ಪೋಸ್ಟ್ ಹಲ್ಲಿಗೆ ಬಲ ಕೊಡುತ್ತದೆ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಪೋಸ್ಟ್ ಮೇಲಿನ ಕಟ್ಟಡವನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ. ಬಲ ಉಳಿದ ಹಲ್ಲಿನದು. ವಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿ.ಮೀ. ಗಟ್ಟಿ ಹಲ್ಲು ಇದ್ದು ಕ್ಯಾಪ್ ಅದನ್ನು ಬಿಗಿಯಾಗಿ ಸುತ್ತಿಕೊಳ್ಳಬೇಕು. ವೈದ್ಯರು ಇದನ್ನು ಫೆರೂಲ್ ಎನ್ನುತ್ತಾರೆ. ಒಣ ಅಡಿಕೆ ಜಗಿದು ಜಗಿದು ಹಲ್ಲು ಸವೆಸಿಕೊಂಡ ನಮ್ಮ ಹಿರಿಯರಲ್ಲಿ ಈ 2 ಮಿ.ಮೀ. ಸಿಗುವುದೇ ಕಷ್ಟ. ಆಗ ವಸಡನ್ನು ಸ್ವಲ್ಪ ಇಳಿಸುವ ಶಸ್ತ್ರಚಿಕಿತ್ಸೆ ಬೇಕಾದೀತು. ಪೋಸ್ಟಿಗೆಂದು ಬೇರನ್ನು ಅಗಲಕ್ಕೆ ಕೊರೆದಷ್ಟೂ ಹಲ್ಲು ಬಡವಾಗುತ್ತದೆ. ತುದಿಯ 4–5 ಮಿ.ಮೀ. ಗಟ್ಟಾ ಪರ್ಚಾವನ್ನಂತೂ (ರೂಟ್ ಕೆನಾಲ್‌ನಲ್ಲಿ ನಾಳಕ್ಕೆ ತುಂಬಿದ ರಬ್ಬರಿನಂಥ ವಸ್ತು) ಮುಟ್ಟಬಾರದು. ದವಡೆ ಹಲ್ಲಿನ ಗೋಡೆಗಳು ಸಾಕಷ್ಟು ಉಳಿದಿದ್ದರೆ ಪೋಸ್ಟ್ ಬೇಕೆಂದೇ ಇಲ್ಲ.