ಶೆಟ್ಲೆಂಡ್ ಪಿಟೀಲು: ಶಾಲೆಯೊಳಗೆ ಬಂತು, ಕುಣಿತ ಹೊಸ್ತಿಲಲ್ಲೇ ಉಳಿಯಿತು

ಶೆಟ್ಲೆಂಡ್ ದ್ವೀಪಗಳ ಶಾಲೆಗಳಲ್ಲಿ ಊರಿನ ಪಿಟೀಲನ್ನು ಪಾಠವಾಗಿ ಕಲಿಸತೊಡಗಿದ್ದು 1973ರಲ್ಲಿ. ಅಲ್ಲಿಯವರೆಗೆ ಶಾಲೆ ಬೇರೆ, ಪಿಟೀಲು ಬೇರೆ. ಮಾತಿನ ಕಥೆಯೂ ಅದೇ. ಮನೆಯಲ್ಲಿ ಶೆಟ್ಲೆಂಡ್ ಆಡುನುಡಿ, ತರಗತಿಯಲ್ಲಿ ‘ಶುದ್ಧ’ ಇಂಗ್ಲಿಷ್. ಹಾಗೆ ಶಿಷ್ಟವಾಗಿ ಮಾತಾಡುವುದಕ್ಕೆ ಅಲ್ಲಿನವರು ‘ನ್ಯಾಪಿಂಗ್’ ಎಂದು ಹೆಸರಿಟ್ಟಿದ್ದರು, ಅದರಲ್ಲಿ ಸ್ವಲ್ಪ ಕೊಂಕೂ ಇತ್ತು. ಪಿಟೀಲಿನ ಮಟ್ಟುಗಳ ಹೆಸರುಗಳು ಬಹಳಷ್ಟು ಆ ಆಡುನುಡಿಯಲ್ಲೇ ಇವೆ. ಹೀಗಾಗಿ ವಾದ್ಯ ತರಗತಿಗೆ ಕಾಲಿಟ್ಟಾಗ ಜೊತೆಗೆ ಒಂದು ಭಾಷೆಯೂ ಒಳಗೆ ಬಂತು. ಬರಬೇಕಾಗಿದ್ದ ಮೂರನೆಯದು ಕುಣಿತ. ಅದು ಅರ್ಧ ಮಾತ್ರ ಬಂತು.

ಸ್ಕಾಟ್ಲೆಂಡಿನ ಉತ್ತರಕ್ಕೆ, 60 ಡಿಗ್ರಿ ಅಕ್ಷಾಂಶದ ಮೇಲೆ ಹರಡಿದ ಸುಮಾರು 100 ದ್ವೀಪಗಳಿವು. ಜನ ಇರುವುದು ಸುಮಾರು 16ರಲ್ಲಿ, ಎಲ್ಲ ಸೇರಿ 23,000ದ ಆಸುಪಾಸು. ನಮ್ಮ ಒಂದು ತಾಲ್ಲೂಕು ಕೇಂದ್ರದ ಜನಸಂಖ್ಯೆಗಿಂತ ಕಡಿಮೆ. ಶತಮಾನಗಳ ಕಾಲ ಇದು ನಾರ್ಸ್ ಜನರ ನೆಲ. 1469ರಲ್ಲಿ ಡೆನ್ಮಾರ್ಕ್-ನಾರ್ವೆಯ ದೊರೆ ಒಂದನೇ ಕ್ರಿಶ್ಚಿಯನ್ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ಮೂರನೇ ಜೇಮ್ಸ್‌ಗೆ ಮದುವೆ ಮಾಡಿಕೊಟ್ಟ. ವರದಕ್ಷಿಣೆಯ ಹಣ ಸಾಲದೆ 8,000 ಫ್ಲಾರಿನ್‌ಗೆ ಶೆಟ್ಲೆಂಡನ್ನು ಅಡವಿಟ್ಟ. ಅಡವು ಬಿಡಿಸಿಕೊಳ್ಳಲು ಆಗಲೇ ಇಲ್ಲ. ನಾರ್ನ್ ಎಂಬ ಅಲ್ಲಿನ ಭಾಷೆ ನಿಧಾನವಾಗಿ ಕಣ್ಮರೆಯಾಯಿತು. 1774ರಲ್ಲಿ ಜಾರ್ಜ್ ಲೋ ಎಂಬ ಪಾದ್ರಿ ಫೂಲಾ ದ್ವೀಪದ ಒಬ್ಬ ರೈತನಿಂದ 35 ನುಡಿಗಳ ನಾರ್ನ್ ಲಾವಣಿಯೊಂದನ್ನು ಬರೆದುಕೊಂಡ. ಲೋಗೆ ಆ ಭಾಷೆ ಬರುತ್ತಿರಲಿಲ್ಲ, ಕಿವಿಗೆ ಬಿದ್ದಂತೆ ಬರೆದ.

ಪಿಟೀಲಿಗೆ ಮುಂಚೆ ಅಲ್ಲಿ ‘ಗೂ’ ಎಂಬ ವಾದ್ಯವಿತ್ತು. ಕುದುರೆಕೂದಲಿನ ಎರಡೇ ತಂತಿ, ಚೆಲ್ಲೋದಂತೆ ನಿಲ್ಲಿಸಿಕೊಂಡು ಕಮಾನು ಎಳೆಯುತ್ತಿದ್ದರು ಎಂದು 1809ರ ಒಂದು ಬರಹ ಹೇಳುತ್ತದೆ. 18ನೇ ಶತಮಾನದಲ್ಲಿ ಪಿಟೀಲು ಆ ಜಾಗ ಹಿಡಿಯಿತು. ಗ್ರೀನ್‌ಲೆಂಡ್ ಕಡೆಗೆ ತಿಮಿಂಗಿಲ ಬೇಟೆಗೆ ಹೊರಟ ಹಡಗುಗಳು ಲರ್ವಿಕ್ ಬಂದರಿನಲ್ಲಿ ನಿಂತು ಆಳು ಹತ್ತಿಸಿಕೊಳ್ಳುತ್ತಿದ್ದವು. ಆಳುಗಳ ಜೊತೆ ಪಿಟೀಲುಗಾರರೂ ಹತ್ತುತ್ತಿದ್ದರು. ವಾಪಸು ಬರುವಾಗ ಬೇರೆ ಊರಿನ ಮಟ್ಟುಗಳು ಅವರ ಬೆರಳಲ್ಲಿರುತ್ತಿದ್ದವು. ಅದಕ್ಕೇ ಇಂದು ಮಕ್ಕಳು ಕಲಿಯುವ ರೀಲ್ ಎಂಬ ಕುಣಿತದ ಮಟ್ಟುಗಳ ಹೆಸರಲ್ಲಿ ಗ್ರೀನ್‌ಲೆಂಡ್ ಇದೆ. ಇನ್ನು ಕೆಲವು ಮಟ್ಟುಗಳು ಗುಡ್ಡದೊಳಗಿನ ‘ಟ್ರೋ’ಗಳಿಂದ ಬಂದವು ಎಂಬ ಕಥೆಯೂ ಇದೆ. ಟ್ರೋ ಎಂದರೆ ನಾರ್ವೆಯ ಟ್ರೋಲ್, ಭಾಷೆ ಹೋದರೂ ಭೂತ ಉಳಿದುಕೊಂಡಿತು.

20ನೇ ಶತಮಾನದಲ್ಲಿ ಅಕಾರ್ಡಿಯನ್, ರೇಡಿಯೊ, ಸ್ಕಾಟಿಷ್ ನೃತ್ಯದ ಬ್ಯಾಂಡ್‌ಗಳು ಬಂದವು. ಮನೆಯಂಗಳದ ರೀಲ್ ಹಿಂದೆ ಸರಿಯಿತು. 1945ರಲ್ಲಿ ಶೆಟ್ಲೆಂಡ್ ಫೋಕ್ ಸೊಸೈಟಿ ಹುಟ್ಟಿತು, ಹಳಬರಿಂದ ಮಟ್ಟುಗಳನ್ನು ಸಂಗ್ರಹಿಸುವ ಕೆಲಸ ಶುರುವಾಯಿತು. ಅದರಲ್ಲಿ ಮುಂದಿದ್ದವರು ಎಶನೆಸ್‌ನ ಟಾಮ್ ಆಂಡರ್ಸನ್ (1910–1991). ಹೊಟ್ಟೆಪಾಡಿಗೆ ವಿಮಾ ಏಜೆಂಟ್. ಕಂತು ವಸೂಲಿಗೆ ದ್ವೀಪದಿಂದ ದ್ವೀಪಕ್ಕೆ ಹೋಗಬೇಕಾದ ಕೆಲಸ, ಸಂಗ್ರಹಕಾರನಿಗೆ ಅದಕ್ಕಿಂತ ಒಳ್ಳೆಯ ನೌಕರಿ ಸಿಗಲಿಕ್ಕಿಲ್ಲ. 1960ರಲ್ಲಿ ಅವರು ಹತ್ತಾರು ಪಿಟೀಲುಗಾರರನ್ನು ಒಟ್ಟುಗೂಡಿಸಿ ಕಟ್ಟಿದ ತಂಡವನ್ನು ಜನ ‘ನಲವತ್ತು ಪಿಟೀಲುಗಾರರು’ ಎಂದೇ ಕರೆದರು.

1969ರ ಜನವರಿಯ ಒಂದು ರಾತ್ರಿ ಅವರು ಎಶನೆಸ್‌ನಿಂದ ಹೊರಟು ಗುಡ್ಡದ ತುದಿಯಲ್ಲಿ ತಿರುಗಿ ನೋಡಿದರು. ತಾವು ಹುಡುಗನಾಗಿದ್ದಾಗ ಕಂಡಷ್ಟು ದೀಪಗಳು ಕೆಳಗಿರಲಿಲ್ಲ. ಇದ್ದವೂ ಒಂದೊಂದಾಗಿ ಆರುತ್ತಿದ್ದವು. ಹೆಂಡತಿ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ‘ಡಾ ಸ್ಲಾಕಿಟ್ ಲೈಟ್’, ಅಂದರೆ ಆರಿದ ದೀಪ, ಎಂಬ ಅವರ ನಿಧಾನ ಮಟ್ಟು ಹುಟ್ಟಿದ್ದು ಆಗ. ಹಳ್ಳಿ ಖಾಲಿಯಾದ ಬಗೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಚಿಕ್ಕ ಪಾಠ ಬೇಕಿಲ್ಲ.

ಆ ಹೊತ್ತಿಗೇ ತೈಲ ಬಂತು. 1971ರಲ್ಲಿ ಬ್ರೆಂಟ್ ನಿಕ್ಷೇಪ ಪತ್ತೆ, 1975ರಿಂದ ಸಲಮ್ ವೋ ಟರ್ಮಿನಲ್ ನಿರ್ಮಾಣ, 1978ರಲ್ಲಿ ಮೊದಲ ತೈಲ. ಸಾವಿರಾರು ಕೆಲಸಗಾರರು ಹೊರಗಿನಿಂದ ಬಂದಿಳಿದರು. ತಮ್ಮದೆನ್ನುವುದು ಕೈತಪ್ಪಿ ಹೋದೀತೆಂಬ ಅಳುಕು ಒಂದು ಕಡೆ, ಸ್ಥಳೀಯ ಆಡಳಿತಕ್ಕೆ ತೈಲದ ಹಣ ಇನ್ನೊಂದು ಕಡೆ. ಶಾಲೆಯ ಪಿಟೀಲು ಬೆಳೆದದ್ದು ಇವೆರಡರ ನಡುವೆ. ಆಂಡರ್ಸನ್ ಶಾಲೆಯಿಂದ ಶಾಲೆಗೆ ಓಡಾಡಿ ಕಲಿಸಿದರು. ಅಮೆರಿಕದಿಂದ ಬಂದಿದ್ದ ಶಿಷ್ಯೆ ಪ್ಯಾಮ್ ಸ್ವಿಂಗ್ ಜೊತೆ ಸೇರಿ 1979ರಲ್ಲಿ ಪಾಠಪುಸ್ತಕ ತಂದರು. ಗಂಡಸರ ಸೊತ್ತಿನಂತಿದ್ದ ವಾದ್ಯ ಹುಡುಗಿಯರ ಕೈಗೂ ಬಂತು. ಆಂಡರ್ಸನ್ ಶಿಷ್ಯೆ ಕ್ಯಾಟ್ರಿಯೋನಾ ಮ್ಯಾಕ್‌ಡೊನಾಲ್ಡ್ ಅವರ ಹೆಸರು ಇಂದು ದ್ವೀಪದಾಚೆಗೂ ಗೊತ್ತು. ಶಾಲೆ ಮಾಡಿದ ಅತಿ ದೊಡ್ಡ ಬದಲಾವಣೆ ಬಹುಶಃ ಇದೇ.

ಕಳೆದುಕೊಂಡದ್ದೂ ಇದೆ. ಇಪ್ಪತ್ತು ಮಕ್ಕಳು ಒಟ್ಟಿಗೆ ನುಡಿಸಬೇಕೆಂದರೆ ಎಲ್ಲರ ಕಮಾನೂ ಒಂದೇ ದಿಕ್ಕಿಗೆ ಹೋಗಬೇಕು. ಹಳಬರ ಕಮಾನು ಹಾಗೆ ಹೋಗುತ್ತಿರಲಿಲ್ಲ. ಒಂದು ಘಾತದ ಕೊನೆಯ ಸ್ವರವನ್ನು ಮುಂದಿನ ಘಾತದ ಮೊದಲ ಸ್ವರಕ್ಕೆ ಒಂದೇ ಎಳೆತದಲ್ಲಿ ಕಟ್ಟಿ, ಒತ್ತನ್ನು ಗೆರೆಯಾಚೆ ದಾಟಿಸುತ್ತಿದ್ದರು. ಪಕ್ಕದ ತಂತಿಯನ್ನೂ ಸವರಿ ಝೇಂಕಾರ ಹೊರಡಿಸುತ್ತಿದ್ದರು. ಇದನ್ನು ಬರೆದ ಸ್ವರಲಿಪಿ ಹಿಡಿದಿಡಲಾರದು. ಎರಡನೆಯ ನಷ್ಟ ವೇಗದ ಹದದ್ದು, ಅದಕ್ಕೆ ಕಾರಣ ಕುಣಿತ ಇಲ್ಲದಿರುವುದು.

ಲೆಕ್ಕ ನೋಡಿ. ಶೆಟ್ಲೆಂಡ್ ರೀಲ್‌ಗೆ ಮೂರು ಜೋಡಿ, ಆರು ಮಂದಿ. ಮಟ್ಟಿನ ಒಂದು ಭಾಗಕ್ಕೆ ಸಾಲಿನ ನಡುವೆ 8ರ ಆಕಾರದಲ್ಲಿ ಹೆಣೆದುಕೊಂಡು ಓಡಾಟ, ಭಾಗ ಬದಲಾದೊಡನೆ ನಿಂತಲ್ಲೇ ಎದುರುಬದುರು ಹೆಜ್ಜೆ ಬಡಿತ. ಒಂದು ಭಾಗ ಸಾಮಾನ್ಯವಾಗಿ 8 ಬಾರ್ (ಸ್ವರಲಿಪಿಯಲ್ಲಿ ಎರಡು ಗೆರೆಗಳ ನಡುವಿನ ತಾಳದ ತುಂಡು), ಬಾರ್‌ಗೆ 2 ಹೆಜ್ಜೆ, ಒಟ್ಟು 16. ನಿಮಿಷಕ್ಕೆ 110 ಹೆಜ್ಜೆಯ ವೇಗದಲ್ಲಿ ನುಡಿಸಿದರೆ ಆ ಹೆಣಿಗೆಗೆ ಸುಮಾರು 8.7 ಸೆಕೆಂಡು ಸಿಗುತ್ತದೆ. 130ಕ್ಕೆ ಏರಿಸಿದರೆ 7.4 ಸೆಕೆಂಡು. ವೇದಿಕೆಯ ಮೇಲೆ ಕುಳಿತು ನುಡಿಸುವವರಿಗೆ ಈ ವ್ಯತ್ಯಾಸ ಹುಮ್ಮಸ್ಸಿನಂತೆ ಕೇಳುತ್ತದೆ. ನೆಲದ ಮೇಲಿರುವ ಹತ್ತು ವರ್ಷದ ಮಗು ಮಾತ್ರ ತನ್ನ ಜಾಗಕ್ಕೆ ಮರಳುವಷ್ಟರಲ್ಲಿ ಭಾಗ ಮುಗಿದಿರುತ್ತದೆ.

ಆದ್ದರಿಂದ ಪಾಠದ ಕ್ರಮ ತಿರುಗಬೇಕು: ಮೊದಲು ಕಾಲು, ಆಮೇಲೆ ಬಾಯಿ, ಕೊನೆಗೆ ಕೈ. ಮೊದಲ ಪಾಠದಲ್ಲಿ ಪಿಟೀಲು ಪೆಟ್ಟಿಗೆ ತೆರೆಯುವುದೇ ಬೇಡ. ನೆಲದ ಮೇಲೆ ಸೀಮೆಸುಣ್ಣದಿಂದ 8ರ ಆಕಾರ ಬರೆದು, ಆರು ಮಕ್ಕಳನ್ನು ನಿಮಿಷಕ್ಕೆ 70 ಹೆಜ್ಜೆಯಂತೆ ನಡೆಸಬೇಕು, ಓಡಿಸಬಾರದು. ಇಲ್ಲಿ ಆಗುವ ತಪ್ಪು ಯಾವಾಗಲೂ ಒಂದೇ: ನಡುವೆ ಇಬ್ಬರು ಎದುರಾದಾಗ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಸರಿದು ಡಿಕ್ಕಿ. ಯಾವ ಭುಜ ತಾಗಿಸಿ ದಾಟಬೇಕೆಂದು ಮೊದಲೇ ಹೇಳಿ, ಆ ತೋಳಿಗೆ ಬಣ್ಣದ ಪಟ್ಟಿ ಕಟ್ಟಿದರೆ ಸಾಕು. ಎರಡನೆಯ ಪಾಠದಲ್ಲಿ ಮಟ್ಟನ್ನು ಬಾಯಲ್ಲಿ ಹಾಡಿಸಬೇಕು, ಅರ್ಥವಿಲ್ಲದ ಅಕ್ಷರಗಳಾದರೂ ಸರಿ. ಮೂರನೆಯದರಿಂದ ವಾದ್ಯ: ಎಂಟೊಂಬತ್ತು ವರ್ಷದವರಿಗೆ ಅರ್ಧ ಅಳತೆಯದು, ಹತ್ತರ ಮೇಲೆ ಮುಕ್ಕಾಲು. ಅಳತೆ ದೊಡ್ಡದಾದರೆ ನಾಲ್ಕನೆಯ ಬೆರಳು ತಲುಪದೆ ಮಗು ಮಣಿಕಟ್ಟು ಮಡಚುತ್ತದೆ, ಆ ಅಭ್ಯಾಸ ಬಿಡಿಸಲು ವರ್ಷ ಬೇಕು. ನುಡಿಸುವವರು ಯಾವಾಗಲೂ ಕುಣಿಯುವವರ ಪಾದ ಕಾಣುವಂತೆ ನಿಲ್ಲಬೇಕು. ಹಳೆಯ ಕೆಲವು ಮಟ್ಟುಗಳಲ್ಲಿ ಎರಡು ಭಾಗಗಳು ಸಮ ಉದ್ದದವಲ್ಲ. ಅವನ್ನು 8ಕ್ಕೆ ಕತ್ತರಿಸಿ ನೇರ ಮಾಡುವ ಚಪಲ ಶಿಕ್ಷಕರಿಗೆ ಬರುತ್ತದೆ. ಬೇಡ. ಆ ಡೊಂಕೇ ಮಟ್ಟಿನ ವಯಸ್ಸು ಹೇಳುವುದು.

ಪಾಪಾ ಸ್ಟೂರ್ ದ್ವೀಪದ ಕತ್ತಿ ಕುಣಿತಕ್ಕೆ ಏಳು ಮಕ್ಕಳೇ ಬೇಕು. ಏಳು ಸಂತರ ಪಾತ್ರ, ಪದ್ಯ ಹೇಳುತ್ತಾ ಬರುತ್ತಾರೆ, ಕೊನೆಗೆ ಏಳು ಕತ್ತಿ ಹೆಣೆದು ಗುರಾಣಿಯಾಗುತ್ತದೆ. ನಮ್ಮ ಜಡೆ ಕೋಲಾಟ ಕಟ್ಟಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಪಕ್ಕದವರ ಕತ್ತಿಯ ತುದಿಯನ್ನು ಒಬ್ಬರು ಬಿಟ್ಟರೆ ಎಲ್ಲವೂ ಬಿಚ್ಚಿತು. ತರಗತಿಗೆ ಮರದ ಪಟ್ಟಿ ಸಾಕು, ಅಂಚು ಉಜ್ಜಿರಬೇಕು.

ಶ್ರುತಿಯಲ್ಲಿ ಕನ್ನಡದ ಪಿಟೀಲುಗಾರರಿಗೆ ಒಂದು ಸಂತೋಷ ಕಾದಿದೆ. ಪಾಶ್ಚಾತ್ಯ ಪಿಟೀಲಿನ ತಂತಿಗಳು ಜಿ-ಡಿ-ಎ-ಇ. ಶೆಟ್ಲೆಂಡಿನ ಹಳಬರು ಕೆಲವು ಮಟ್ಟುಗಳಿಗೆ ಕೆಳಗಿನ ಎರಡು ತಂತಿ ಏರಿಸಿ ಎ-ಇ-ಎ-ಇ ಮಾಡುತ್ತಿದ್ದರು. ಕರ್ನಾಟಕ ಸಂಗೀತದ ಸ-ಪ-ಸ-ಪ ಅಂತರವೇ ಇದು. ಮುಟ್ಟದ ತಂತಿಗಳೂ ದನಿಗೂಡುತ್ತವೆ, ಮಕ್ಕಳಿಗೆ ತಕ್ಷಣ ಕೇಳಿಸುತ್ತದೆ. ಅಪಾಯವೂ ಇದೆ: ಎರಡು ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಮೇಲಕ್ಕೆಳೆದರೆ ತಂತಿಗಳನ್ನು ಹೊತ್ತ ಕುದುರೆ ಬೆರಳುಹಲಗೆಯ ಕಡೆ ವಾಲಬಹುದು, ಹಳೆಯ ತಂತಿ ಹರಿಯಬಹುದು. ತರಗತಿಯ ಎಲ್ಲ ವಾದ್ಯಗಳನ್ನೂ ತಿರುವುವ ಬದಲು ಒಂದನ್ನು ಇದಕ್ಕೇ ಮೀಸಲಿಡುವುದು ಜಾಣತನ. ಬಿರಡೆಯನ್ನು ಒಮ್ಮೆಗೆ ತೀರ ಸ್ವಲ್ಪವೇ ತಿರುಗಿಸಿ, ನಡುನಡುವೆ ಕುದುರೆಯನ್ನು ನೇರ ಮಾಡುತ್ತಾ ಹೋಗಬೇಕು.

ಇತಿಹಾಸದ ಪಾಠ ಬೇರೆ ಗಂಟೆಯಲ್ಲಿ ಬರಬೇಕಿಲ್ಲ, ಹೆಸರಿನಿಂದಲೇ ಹೊರಡುತ್ತದೆ. ‘ಡಾ ಶಾಲ್ಡ್ಸ್ ಓ ಫೂಲಾ’ ನುಡಿಸಿದ ಮೇಲೆ ಶಾಲ್ಡ್ ಎಂದರೇನೆಂದು ಕೇಳಿ. ಆಳವಿಲ್ಲದ ಬಂಡೆಯ ಕಡಲು. ಅಲ್ಲಿ ಮೀನು ಸಿಗುತ್ತಿತ್ತು, ಅದೇ ಬಂಡೆಗೆ 1914ರ ಸೆಪ್ಟೆಂಬರ್ 8ರಂದು ‘ಓಷಿಯಾನಿಕ್’ ಎಂಬ ದೈತ್ಯ ಹಡಗು ಬಡಿದು ನಿಂತಿತು. ನಕ್ಷೆ, ಕಸುಬು, ಯುದ್ಧ ಮೂರೂ ಒಂದು ಮಟ್ಟಿನಲ್ಲಿವೆ.

ಹಣದ ಪ್ರಶ್ನೆ ಬಿಟ್ಟಿದ್ದಲ್ಲ. ಸ್ಕಾಟ್ಲೆಂಡಿನ ಅನೇಕ ಕೌನ್ಸಿಲ್‌ಗಳು ವಾದ್ಯ ಪಾಠಕ್ಕೆ ಶುಲ್ಕ ಹಾಕುತ್ತಿದ್ದವು, 2021ರಲ್ಲಿ ಸರ್ಕಾರದ ನೆರವಿನಿಂದ ಅದು ನಿಂತಿತು. ಆದರೆ ವಾದ್ಯ ಪಾಠ ಎಂದರೆ ವಾದ್ಯ ಮಾತ್ರ. ಕುಣಿತ ಹೆಚ್ಚಾಗಿ ದೈಹಿಕ ಶಿಕ್ಷಣದ ಪಾಲಿಗೆ ಹೋಗುತ್ತದೆ, ಅಲ್ಲಿ ಧ್ವನಿಮುದ್ರಿಕೆ ಹಾಕಿ ಕುಣಿಸುವುದುಂಟು. ಇಬ್ಬರು ಶಿಕ್ಷಕರ ಗಂಟೆಗಳನ್ನು ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಕೂಡಿಸುವುದು ವೇಳಾಪಟ್ಟಿಯ ಕೆಲಸ. ಹೊಸ ಅನುದಾನ ಅದಕ್ಕೆ ಬೇಕಿಲ್ಲ.

ಕುಣಿತಕ್ಕಲ್ಲದ ಮಟ್ಟಿಗೂ ಅದರದೇ ಜಾಗ, ಹೊತ್ತು ಇವೆ. ‘ಡಾ ಡೇ ಡಾನ್’ ಅನ್ನು ಯೂಲ್ (ಕ್ರಿಸ್‌ಮಸ್) ಹಬ್ಬದ ನಸುಕಿನಲ್ಲಿ ಪಿಟೀಲುಗಾರ ಮನೆಮನೆಯ ಮುಂದೆ ನುಡಿಸುತ್ತಿದ್ದ. ಫೂಲಾದಲ್ಲಿ ಯೂಲ್ ಈಗಲೂ ಜನವರಿ 6ಕ್ಕೆ, ಬ್ರಿಟನ್ 1752ರಲ್ಲಿ ಕ್ಯಾಲೆಂಡರ್ ಬದಲಿಸಿದ್ದನ್ನು ಆ ದ್ವೀಪ ಒಪ್ಪಿಕೊಂಡಿಲ್ಲ. ಡಿಸೆಂಬರ್ ಕೊನೆಯ ವಾರಗಳಲ್ಲಿ ಲರ್ವಿಕ್‌ನಲ್ಲಿ ಸೂರ್ಯ ಹುಟ್ಟುವುದು ಒಂಬತ್ತು ದಾಟಿದ ಮೇಲೆ, ಮುಳುಗುವುದು ಮಧ್ಯಾಹ್ನ ಮೂರರ ಸುಮಾರಿಗೆ. ಶಾಲೆಯ ಗಂಟೆ ಬಾರಿಸುವಾಗ ಹೊರಗೆ ಇನ್ನೂ ಮಬ್ಬು. ದೀಪ ಆರಿಸಿ, ಪರದೆ ಸರಿಸಿ, ಕಿಟಕಿಯ ಕಡೆ ಮುಖ ಮಾಡಿ ನುಡಿಸಲು ಹಿಡಿದರೆ ಮಟ್ಟು ಮೂರನೆಯ ಸಲ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ.