ಇನ್‌ಕ್ವಿಸಿಷನ್‌ನ ಕೈಗೆ ಸಿಕ್ಕವರು ಯಾರು?

ಯುರೋಪಿನ ಇತಿಹಾಸವನ್ನು ಪಾಠ ಹೇಳುವ ನನಗೆ ವರ್ಷವರ್ಷವೂ ಉತ್ತರಪತ್ರಿಕೆಗಳಲ್ಲಿ ತಪ್ಪದೆ ಎದುರಾಗುವ ವಾಕ್ಯವೊಂದಿದೆ: ಸ್ಪೇನಿನ ಇನ್‌ಕ್ವಿಸಿಷನ್, ಅಂದರೆ ಕ್ರೈಸ್ತರ ಧರ್ಮದ್ರೋಹವನ್ನು ವಿಚಾರಿಸುತ್ತಿದ್ದ ನ್ಯಾಯಮಂಡಳಿ, ಯೆಹೂದಿಗಳನ್ನು ಯೆಹೂದಿಗಳೆಂಬ ಕಾರಣಕ್ಕೇ ಸುಟ್ಟಿತು. ಚೆನ್ನಾಗಿ ಓದಿಕೊಂಡವರೂ ಹೀಗೆಯೇ ಬರೆಯುತ್ತಾರೆ. ಆದರೆ ಆ ನ್ಯಾಯಮಂಡಳಿಯ ಅಧಿಕಾರ ಮುಖ್ಯವಾಗಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರ ಮೇಲಿತ್ತು. ಮತಾಂತರಗೊಳ್ಳದ ಯೆಹೂದಿಯ ನಂಬಿಕೆ ಅದರ ವಿಚಾರಣೆಯ ವಿಷಯವಾಗಿರಲಿಲ್ಲ. ಅಪವಾದಗಳಿಲ್ಲವೆಂದಲ್ಲ. 1491ರಲ್ಲಿ ಆವಿಲಾದಲ್ಲಿ ಯೂಸೆ ಫ್ರಾಂಕೋ ಎಂಬ ಯೆಹೂದಿಯನ್ನೂ ಸುಡಲಾಯಿತು.

ಹಾಗಾದರೆ ಬಲವಂತದ ಮತಾಂತರ ಸಿಂಧುವೇ ಎಂಬ ಪ್ರಶ್ನೆ ತರಗತಿಯಲ್ಲಿ ತಕ್ಷಣ ಏಳುತ್ತದೆ, ಏಳಲೇಬೇಕು. 1391ರಲ್ಲಿ ಸೆವಿಲ್ಲೆಯಲ್ಲಿ ಆರಂಭವಾಗಿ ಕೊರ್ಡೊಬಾ, ವೆಲೆನ್ಸಿಯಾ, ಬಾರ್ಸಿಲೋನಾಗಳಿಗೆ ಹಬ್ಬಿದ ಹತ್ಯಾಕಾಂಡದಲ್ಲಿ ಸಾವಿರಾರು ಯೆಹೂದಿಗಳು ಪ್ರಾಣ ಉಳಿಸಿಕೊಳ್ಳಲು ಕ್ರೈಸ್ತರಾದರು. ಆದರೆ ಪೋಪ್ ಮೂರನೆಯ ಇನೊಸೆಂಟ್ 1201ರಲ್ಲೇ ಬರೆದಿದ್ದ ಪತ್ರದ ಪ್ರಕಾರ, ಕೊನೆಯವರೆಗೂ ಒಲ್ಲೆನೆಂದು ಪ್ರತಿಭಟಿಸಿದವನ ದೀಕ್ಷೆ ಮಾತ್ರ ಅಸಿಂಧು; ಹೆದರಿ ಒಪ್ಪಿದವನ ಒಪ್ಪಿಗೆಯೂ ಒಪ್ಪಿಗೆಯೇ. ಕತ್ತಿಯ ಎದುರು ತಲೆಯಾಡಿಸಿದವನು ಕಾನೂನಿನ ಕಣ್ಣಿಗೆ ಪೂರ್ಣ ಕ್ರೈಸ್ತನಾದನು, ಅವನ ಮಕ್ಕಳೂ ಮೊಮ್ಮಕ್ಕಳೂ ಅದರಲ್ಲೇ ಸಿಕ್ಕಿಕೊಂಡರು, ಯೆಹೂದಿ ಆಚರಣೆಗಳಾದ ಶುಕ್ರವಾರ ಸಂಜೆ ದೀಪ ಹಚ್ಚಿದ್ದು, ಶನಿವಾರ ಒಗೆದ ಅಂಗಿ ತೊಟ್ಟಿದ್ದು, ಮಾಂಸದ ಕೊಬ್ಬನ್ನು ಕೆತ್ತಿ ತೆಗೆದದ್ದು ಕೂಡ ಧರ್ಮದ್ರೋಹದ ಗುರುತಾಗಿ ನೆರೆಯವರ ಬಾಯಿಂದ ದೂರಾಗಿ ಬಂತು. ಇಂಥ ದೂರುಗಳನ್ನು ಓದಿ ಕನ್ವರ್ಸೋಗಳೆಲ್ಲ (ಹೀಗೆ ಕ್ರೈಸ್ತರಾದ ಯೆಹೂದಿಗಳು ಮತ್ತು ಅವರ ಸಂತತಿ) ಗುಟ್ಟಾಗಿ ಯೆಹೂದಿಗಳೇ ಆಗಿದ್ದರೆಂದು ತೀರ್ಮಾನಿಸುವುದೂ ಅವಸರವೇ. ವಿದ್ವಾಂಸರು ಅದರ ಬಗ್ಗೆ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಆವಿಲಾದ ಸಂತ ತೆರೇಸಾಳ ಅಜ್ಜ ಟೊಲೆಡೊದಲ್ಲಿ ಇದೇ ನ್ಯಾಯಮಂಡಳಿಯೆದುರು ಪ್ರಾಯಶ್ಚಿತ್ತ ಮಾಡಿಕೊಂಡವನು, ಮೊಮ್ಮಗಳಾದರೋ ಕಾರ್ಮಲ್ ಎಂಬ ಕ್ರೈಸ್ತ ಸನ್ಯಾಸಿ ಸಂಘವನ್ನೇ ಸುಧಾರಿಸಿದವಳು.

1492ರ ಗಡೀಪಾರಿನ ಆಜ್ಞೆ ಕೊಡುವ ಕಾರಣವೂ ಇದೇ ತರ್ಕದ್ದು: ಯೆಹೂದಿಗಳ ಒಡನಾಟವಿದ್ದರೆ ಹೊಸ ಕ್ರೈಸ್ತರು ಹಿಂದಿನ ಮತಕ್ಕೆ ಮರಳುತ್ತಾರಂತೆ. ಅಂದು ಹೊರಗಟ್ಟಿದ್ದು ದೀಕ್ಷೆ ಪಡೆಯದವರನ್ನು.

ಮುಸ್ಲಿಮರ ಪ್ರಕರಣ ಇದಕ್ಕೆ ತದ್ವಿರುದ್ಧ; ಇದನ್ನು ಎರಡೆರಡು ಬಾರಿ ಹೇಳಿದರೂ ಮಕ್ಕಳು ತಲೆಕೆಳಗು ಮಾಡುತ್ತಾರೆ. ಸ್ಪೇನಿನ ಎರಡು ರಾಜ್ಯಗಳ ಪೈಕಿ ಕ್ಯಾಸ್ಟೀಲ್‌ನಲ್ಲಿ 1502ರಲ್ಲಿ, ಅರಗಾನ್ ಸೀಮೆಗಳಲ್ಲಿ 1526ರ ಹೊತ್ತಿಗೆ ದೀಕ್ಷೆ ಅಥವಾ ದೇಶತ್ಯಾಗ ಎಂಬ ಆಯ್ಕೆ ಅವರ ಮುಂದಿತ್ತು. ಹೀಗೆ ದೀಕ್ಷೆ ಪಡೆದ ಮೊರಿಸ್ಕೊಗಳಿಗೆ 1567ರ ಆಜ್ಞೆ ಅರಬ್ಬೀ ಭಾಷೆಯನ್ನೂ ಉಡುಗೆಯನ್ನೂ ನಿಷೇಧಿಸಿದಾಗ ಗ್ರನಾಡಾದ ಬೆಟ್ಟಸೀಮೆ ದಂಗೆಯೆದ್ದಿತು. 1609ರಿಂದ 1614ರೊಳಗೆ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ಹಡಗು ಹತ್ತಿಸಿದಾಗ ಚರ್ಚಿನ ದಾಖಲೆಯಂತೆ ಅವರು ಕ್ರೈಸ್ತರು, ಹಲವರು ಮೂರ್ನಾಲ್ಕು ತಲೆಮಾರುಗಳಿಂದ.